ಹಳೆಯ ಕಾರಿನ ಬಿಡಿಭಾಗ: ಹುಡುಕಾಟ, ಮರುತಯಾರಿಕೆ ಮತ್ತು ಅಸಲಿನ ಲೆಕ್ಕ

ತಯಾರಿಕೆ ನಿಂತುಹೋದ ವಾಹನವೊಂದಕ್ಕೆ ಬಿಡಿಭಾಗ ಒದಗಿಸುವ ವ್ಯಾಪಾರವು ಹೊರನೋಟಕ್ಕೆ ಹವ್ಯಾಸಿಗಳ ಸಂಗತಿಯೆಂದು ತೋರಬಹುದು. ಆದರೆ ಎಷ್ಟು ದಾಸ್ತಾನು ಇಡಬೇಕು, ಅಚ್ಚಿನ ವೆಚ್ಚವನ್ನು ಎಷ್ಟು ನಗಗಳ ಮೇಲೆ ಹಂಚಬೇಕು, ನಿಧಾನವಾಗಿ ಮಾರಾಟವಾಗುವ ಮಾಲಿಗೆ ಯಾವ ಬೆಲೆ ಕಟ್ಟಬೇಕು ಎಂಬ, ಸಣ್ಣ ಉದ್ದಿಮೆದಾರರನ್ನು ದಿನನಿತ್ಯ ಕಾಡುವ ಪ್ರಶ್ನೆಗಳೆಲ್ಲವೂ ಈ ವ್ಯಾಪಾರದಲ್ಲಿ ಇನ್ನಷ್ಟು ಕಟುವಾಗಿ ಎದುರಾಗುತ್ತವೆ. ಈ ದೃಷ್ಟಿಯಿಂದ ಬ್ರಿಟನ್ನಿನ ಎಂ.ಜಿ.ಬಿ. ಎಂಬ ತೆರೆದ ಕಾರಿನ ಉದಾಹರಣೆಯು ಅಧ್ಯಯನಯೋಗ್ಯವಾಗಿದೆ.

ಮಡಚುವ ಬಟ್ಟೆಯ ಮೇಲ್ಛಾವಣಿಯುಳ್ಳ ಈ ಕಾರನ್ನು 1962ರಿಂದ 1980ರವರೆಗೆ ಅಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಿಸಲಾಯಿತು. 1965ರಲ್ಲಿ ಬಂದ ಮುಚ್ಚಿದ ಛಾವಣಿಯ ಜಿ.ಟಿ. ಮಾದರಿಯೂ ಸೇರಿ ಒಟ್ಟು ತಯಾರಿಕೆ 5 ಲಕ್ಷವನ್ನು ಮೀರಿತು. ಬಹುಪಾಲು ಅಮೆರಿಕಕ್ಕೆ ರಫ್ತಾಯಿತು. 1980ರ ಅಕ್ಟೋಬರ್‌ನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತಾದರೂ, ರಸ್ತೆಯ ಮೇಲಿದ್ದ ಕಾರುಗಳಿಗೆ ಬ್ರೇಕು, ಬೇರಿಂಗು, ರಬ್ಬರು ಬೇಕಾಗುವುದು ನಿಲ್ಲಲಿಲ್ಲ.

ಹೆಸರು ಒಂದೇ, ಭಾಗ ಬೇರೆ

ಹುಡುಕಾಟದ ಮೊದಲ ತೊಡಕು ಭಾಗ ಸಿಗದಿರುವುದಲ್ಲ, ಯಾವ ಭಾಗ ಬೇಕೆಂಬುದು ನಿಖರವಾಗಿ ತಿಳಿಯದಿರುವುದು. ಹದಿನೆಂಟು ವರ್ಷ ಒಂದೇ ಹೆಸರಿನಲ್ಲಿ ಮಾರಾಟವಾದ ಈ ಕಾರಿನ ಒಳಭಾಗಗಳು ಹಲವು ಬಾರಿ ಬದಲಾಗಿವೆ. 1964ರ ಅಕ್ಟೋಬರ್‌ವರೆಗಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಮೂರು ಮುಖ್ಯ ಬೇರಿಂಗುಗಳು ಹೊರುತ್ತಿದ್ದವು. ನಂತರ ಅವು ಐದಾದವು. 1967ರ ಕೊನೆಯಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂದಿತು, ಬ್ಯಾಟರಿಯ ಧನಧ್ರುವವನ್ನು ಚಾಸಿಗೆ ಜೋಡಿಸುತ್ತಿದ್ದ ಪದ್ಧತಿ ತಿರುವುಮುರುವಾಯಿತು, ಗೇರ್‌ಬಾಕ್ಸೂ ಬದಲಾಯಿತು. 1974ರ ಉತ್ತರಾರ್ಧದಲ್ಲಿ ಕ್ರೋಮಿಯಂ ಬಂಪರಿನ ಸ್ಥಾನಕ್ಕೆ ದಪ್ಪ ಕಪ್ಪು ಬಂಪರ್ ಬಂದು, ಕಾರಿನ ಎತ್ತರವೇ ಹೆಚ್ಚಿತು.

ಆದ್ದರಿಂದ "ಯಾವ ವರ್ಷದ ಕಾರು?" ಎಂಬ ಪ್ರಶ್ನೆಯೊಂದೇ ಸಾಲದು. ನೋಂದಣಿಯಾದ ವರ್ಷ ಒಂದು, ತಯಾರಾದ ವರ್ಷ ಇನ್ನೊಂದು ಇರಬಹುದು. ಕಂಪನಿಯ ಬಿಡಿಭಾಗಗಳ ಪಟ್ಟಿಯು ಬದಲಾವಣೆಗಳನ್ನು ಚಾಸಿ ಸಂಖ್ಯೆಯ ಆಧಾರದ ಮೇಲೆ ಗುರುತಿಸುತ್ತದೆ. ಅರ್ಧ ಶತಮಾನದ ಅವಧಿಯಲ್ಲಿ ಎಂಜಿನ್ನನ್ನೇ ಬದಲಿಸಿರುವ ಸಾಧ್ಯತೆಯೂ ಇದೆ. ಅನುಭವಿ ಮಾರಾಟಗಾರರು ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಬಿಚ್ಚಿದ ಹಳೆಯ ಭಾಗದ ಅಳತೆ, ಈ ಮೂರನ್ನೂ ಕೇಳಿ ತಾಳೆ ನೋಡಿದ ನಂತರವೇ ಆರ್ಡರು ಸ್ವೀಕರಿಸುತ್ತಾರೆ. ತಪ್ಪು ಭಾಗ ಹೋದರೆ ಎರಡು ಕಡೆಯ ಸಾಗಣೆ ವೆಚ್ಚ, ಹರಿದ ಪೊಟ್ಟಣ, ಬಿಚ್ಚಿಟ್ಟ ಕಾರಿನ ಮುಂದೆ ಕಾಯುತ್ತಿರುವ ಗ್ರಾಹಕನ ಅಸಮಾಧಾನ, ಎಲ್ಲವೂ ಮಾರಾಟಗಾರನ ಖಾತೆಗೇ ಬರುತ್ತವೆ. ಕಡಿಮೆ ಬೆಲೆಯ ಭಾಗವೊಂದರ ಲಾಭಕ್ಕಿಂತ ಅದನ್ನು ವಾಪಸು ಪಡೆಯುವ ಖರ್ಚೇ ಹೆಚ್ಚು.

ಈ ವಿಷಯದಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯಕರ ಅಂಶವಿದೆ. ಉತ್ತರಪಾರದ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ಎರಡೂ ಬ್ರಿಟನ್ನಿನ 'ಬಿ' ಸರಣಿ ಎಂಬ ಒಂದೇ ವಂಶಕ್ಕೆ ಸೇರಿದವು. ಪಿಸ್ಟನ್ ಚಲಿಸುವ ದೂರ ಎರಡರಲ್ಲೂ 88.9 ಮಿ.ಮೀ. ಆದರೆ ಸಿಲಿಂಡರಿನ ವ್ಯಾಸ ಒಂದರಲ್ಲಿ ಸುಮಾರು 73 ಮಿ.ಮೀ., ಇನ್ನೊಂದರಲ್ಲಿ 80.26 ಮಿ.ಮೀ. ಇರುವುದರಿಂದ ಪಿಸ್ಟನ್ನಾಗಲಿ ರಿಂಗಾಗಲಿ ಹೊಂದುವುದಿಲ್ಲ. ದಾಯಾದಿಗಳೆಂದ ಮಾತ್ರಕ್ಕೆ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹಿಡಿಸಬೇಕೆಂದಿಲ್ಲ.

ಭಾಗಗಳು ದೊರೆಯುವ ದಾರಿಗಳು

ಹಳೆಯ ಮಳಿಗೆಗಳಲ್ಲಿ ಬಿಚ್ಚದ ಪೊಟ್ಟಣದಲ್ಲೇ ಉಳಿದ ಮೂಲ ಕಂಪನಿಯ ಮಾಲಿಗೆ ಗ್ರಾಹಕರು ಹೆಚ್ಚಿನ ಬೆಲೆ ಕೊಡಲು ಸಿದ್ಧರಿರುತ್ತಾರೆ. ಲೋಹದ ಭಾಗಗಳ ಮಟ್ಟಿಗೆ ಇದು ಸರಿ. ರಬ್ಬರು ಮಾತ್ರ ಬಳಸದೆ ಇಟ್ಟರೂ ವಯಸ್ಸಾಗುತ್ತದೆ; ನಲವತ್ತು ವರ್ಷ ಕಪಾಟಿನಲ್ಲಿದ್ದ ಬ್ರೇಕ್ ಸೀಲನ್ನು 'ಅಸಲಿ ಮಾಲು' ಎಂದು ಜೋಡಿಸುವುದು ಅಪಾಯಕಾರಿ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ಬಗೆಯ ರಬ್ಬರ್ ಕೊಳವೆಗಳನ್ನು ಕೆಡಿಸುವುದರಿಂದ, ಇಂಧನದ ಕೊಳವೆಗಳಲ್ಲಿ ಹೊಸ ಮಿಶ್ರಣದ ಮರುತಯಾರಿಕೆಯೇ ಮೂಲಕ್ಕಿಂತ ಉತ್ತಮ.

ಷಾಕ್ ಅಬ್ಸಾರ್ಬರ್‌ನಂತಹ ಭಾಗಗಳನ್ನು ಹಳೆಯದನ್ನು ಪಡೆದು, ರಿಪೇರಿ ಮಾಡಿದ್ದನ್ನು ಕೊಡುವ ವಿನಿಮಯ ಪದ್ಧತಿಯಲ್ಲಿ ಮಾರಲಾಗುತ್ತದೆ. ಹಳೆಯ ಭಾಗ ಹಿಂದಿರುಗುವವರೆಗೆ ಗ್ರಾಹಕನಿಂದ ಠೇವಣಿ ಪಡೆಯುವುದು ವಾಡಿಕೆ. ಈ ಠೇವಣಿಯನ್ನು ಮಾರಾಟದ ಆದಾಯಕ್ಕೆ ಸೇರಿಸದೆ ಹೊಣೆಗಾರಿಕೆಯೆಂದೇ ಪುಸ್ತಕದಲ್ಲಿ ತೋರಿಸಬೇಕು. ಹಲವರು ಎಡವುವುದು ಇಲ್ಲಿಯೇ; ಬಾರದ ಲಾಭವನ್ನು ಬಂದಂತೆ ತೋರಿಸಿ, ಹಳೆಯ ಭಾಗ ಮರಳಿದ ದಿನ ಪೇಚಾಡುತ್ತಾರೆ.

ಎಸ್.ಯು. ಕಾರ್ಬುರೇಟರಿನ ತಯಾರಿಕೆಯ ಹಕ್ಕನ್ನು ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆ ಪಡೆದು ಮುಂದುವರಿಸಿತು. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ಮಾಸ್ ಮೋಟಾರ್ಸ್ ಬ್ರಿಟಿಷ್ ಕಾರುಗಳ ಭಾಗಗಳಿಂದಲೇ ದೊಡ್ಡ ವ್ಯಾಪಾರ ಕಟ್ಟಿತು.

ತೆರೆದ ಕಾರಿನ ವಿಶೇಷ ಸಮಸ್ಯೆಯೆಂದರೆ ತುಕ್ಕು. ಉಕ್ಕಿನ ಛಾವಣಿಯಿಲ್ಲದ ಕಾರಣ ಕವಚದ ಬಲವು ಬಹುಮಟ್ಟಿಗೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ, ಸಿಲ್ ಎಂದು ಕರೆಯುವ ಪೊಳ್ಳು ತೊಲೆಗಳನ್ನು ಅವಲಂಬಿಸಿದೆ. ಬಟ್ಟೆಯ ಛಾವಣಿಯ ಅಂಚಿನ ರಬ್ಬರು ಸವೆದರೆ ನೀರು ಒಳಗಿಳಿಯುತ್ತದೆ. ರಸ್ತೆಯ ಕೆಸರು, ಉಪ್ಪು ಕೆಳಗಿನಿಂದ ಸೇರುತ್ತವೆ. ತೊಲೆ ಒಳಗಿಂದೊಳಗೇ ಕರಗುತ್ತದೆ. ಬಾಗಿಲಿನ ತೆರಪಿಗೆ ಆಧಾರದ ಸರಳು ಬಿಗಿಯದೆ ಈ ತೊಲೆಯನ್ನು ಕತ್ತರಿಸಿದರೆ ಕಾರು ನಡುವೆ ಜಗ್ಗಿ, ಆಮೇಲೆ ಬಾಗಿಲೇ ಮುಚ್ಚುವುದಿಲ್ಲ. ಕಾಲಕ್ರಮೇಣ ಅನೇಕ ಕಾರುಗಳಿಗೆ ಬಿಡಿ ತಗಡಿಗಿಂತ ಇಡೀ ಕವಚವೇ ಬೇಕಾಯಿತು.

ಗುಜರಿಗೆ ಹೋಗದ ಅಚ್ಚುಗಳು

1975ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಈ ಕಾರಿನ ಮೂಲ ಒತ್ತಚ್ಚುಗಳನ್ನು ಹುಡುಕಿ ಒಟ್ಟುಗೂಡಿಸಿ, 1988ರಲ್ಲಿ ಹೊಸ ಕವಚಗಳ ತಯಾರಿಕೆಯನ್ನು ಆರಂಭಿಸಿತು. ಇದರ ಯಶಸ್ಸು ಎಷ್ಟಿತ್ತೆಂದರೆ, ಇದೇ ಕವಚವನ್ನು ಆಧರಿಸಿ 1993ರಿಂದ 1995ರವರೆಗೆ ಆರ್.ವಿ.8 ಎಂಬ ಹೊಸ ಕಾರನ್ನೇ ಸುಮಾರು 2,000 ಸಂಖ್ಯೆಯಲ್ಲಿ ತಯಾರಿಸಲಾಯಿತು. ಹೆಚ್ಚಿನವು ಜಪಾನಿಗೆ ಹೋದವು. ಅದೇ ಜಪಾನಿನಲ್ಲಿ ಮಾಜ್ದಾ ಕಂಪನಿಯು 1989ರಲ್ಲಿ ಬಿಡುಗಡೆಯಾದ ತನ್ನ ತೆರೆದ ಕಾರಿಗಾಗಿ 2017ರಲ್ಲಿ ಪುನರುಜ್ಜೀವನ ಸೇವೆಯನ್ನು ಪ್ರಕಟಿಸಿ, ಬಟ್ಟೆಯ ಛಾವಣಿ, ಮರದ ಸ್ಟಿಯರಿಂಗ್ ಚಕ್ರ ಮುಂತಾದವನ್ನು ಮತ್ತೆ ತಯಾರಿಸಿತು.

ಹಳೆಯ ಅಚ್ಚಿನ ಬೆಲೆ ಏನೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ರಬ್ಬರ್ ಭಾಗವೊಂದು ವರ್ಷಕ್ಕೆ 60 ನಗದಂತೆ ಹತ್ತು ವರ್ಷದಲ್ಲಿ 600 ಮಾರಾಟವಾಗುತ್ತದೆಂದೂ, ಕಚ್ಚಾಮಾಲು ಮತ್ತು ಕೂಲಿ ನಗಕ್ಕೆ ರೂ. 180 ಎಂದೂ, ಪ್ರತಿ ಬಾರಿ ಅಚ್ಚು ಜೋಡಿಸಿ ಯಂತ್ರ ಸಜ್ಜುಗೊಳಿಸಲು ರೂ. 6,000 ಎಂದೂ, ಬಡ್ಡಿ ಶೇ. 12 ಎಂದೂ ಭಾವಿಸೋಣ. 600 ನಗಗಳನ್ನೂ ಒಮ್ಮೆಗೇ ತಯಾರಿಸಿದರೆ ತಯಾರಿಕೆಯ ವೆಚ್ಚ ನಗಕ್ಕೆ ರೂ. 190 ಮಾತ್ರ. ಆದರೆ ಸರಾಸರಿ 300 ನಗ ಹತ್ತು ವರ್ಷ ಮಳಿಗೆಯಲ್ಲಿ ಕೂರುವುದರಿಂದ ಬಡ್ಡಿಯೇ ರೂ. 114 ಆಗಿ, ಒಟ್ಟು ರೂ. 304 ತಗಲುತ್ತದೆ. ಪ್ರತಿ ವರ್ಷ 60ರಂತೆ ತಯಾರಿಸಿದರೆ ವೆಚ್ಚ ರೂ. 280, ಬಡ್ಡಿ ಸುಮಾರು ರೂ. 17, ಒಟ್ಟು ರೂ. 297. ಮೂರು ವರ್ಷಕ್ಕೊಮ್ಮೆ 180ರಂತೆ ತಯಾರಿಸಿದಲ್ಲಿ ಒಟ್ಟು ಸುಮಾರು ರೂ. 252. ಭಾರೀ ತಂಡವೇ ಅಗ್ಗವೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಹತ್ತನೆಯ ವರ್ಷದ ರಬ್ಬರಿನ ಗುಣಮಟ್ಟದ ಮಾತು ಬೇರೆಯೇ ಇದೆ.

ಇನ್ನು ಅಚ್ಚು. ಹೊಸ ಅಚ್ಚಿಗೆ ರೂ. 2,40,000 ಆದರೆ ನಗಕ್ಕೆ ರೂ. 400, ಹತ್ತು ವರ್ಷದಲ್ಲಿ ಸಮನಾಗಿ ವಸೂಲಾಗುವ ಬಂಡವಾಳದ ಮೇಲಿನ ಬಡ್ಡಿ ನಗಕ್ಕೆ ಇನ್ನೂ ರೂ. 240. ಹೀಗೆ ಒಟ್ಟು ಅಸಲು ರೂ. 892. ಅದೇ ಮೂಲ ಅಚ್ಚು ಗುಜರಿಯ ದರದಲ್ಲಿ ರೂ. 30,000ಕ್ಕೆ ಸಿಕ್ಕಿದರೆ ಅಚ್ಚಿನ ಪಾಲು, ಬಡ್ಡಿ ಸೇರಿ, ರೂ. 80ಕ್ಕೆ ಇಳಿದು ಅಸಲು ರೂ. 332 ಆಗುತ್ತದೆ. ಕಾರ್ಖಾನೆಯ ಹಿತ್ತಲಲ್ಲಿ ಬಿದ್ದಿರುವ ಅಚ್ಚನ್ನು ತೂಕಕ್ಕೆ ಹಾಕುವ ಮುನ್ನ ಅದು ಯಾವ ಯಂತ್ರದ್ದು, ಅಂತಹ ಯಂತ್ರಗಳು ಇನ್ನೂ ಎಷ್ಟು ಓಡುತ್ತಿವೆ ಎಂದು ವಿಚಾರಿಸುವುದು ಲೇಸು. ಆದರೆ ಅಚ್ಚು ಕೈಲಿದೆಯೆಂದು ಅದರಲ್ಲಿರುವ ಮೂಲ ಕಂಪನಿಯ ಲಾಂಛನವನ್ನೂ ಒತ್ತಿ ಮಾರಿದರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆಗೆ ಆಹ್ವಾನ ಕೊಟ್ಟಂತೆ. ಅನುಮತಿ ಇಲ್ಲದಿದ್ದಲ್ಲಿ ಲಾಂಛನವನ್ನು ಅಳಿಸಬೇಕು.

ವರ್ಷಾಂತ್ಯದ ದಾಸ್ತಾನು

ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಕೈಸೇರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕು. ಮಳಿಗೆಯಲ್ಲಿ ಕೂತ ಮಾಲಿನ ಬಡ್ಡಿಯು ಬೆಲೆ ನಿಗದಿಯ ಲೆಕ್ಕಕ್ಕೆ ಬೇಕು. ದಾಸ್ತಾನಿನ ಮೌಲ್ಯಕ್ಕೆ ಅದನ್ನು ಸೇರಿಸುವಂತಿಲ್ಲ. ಹಳೆಯ ಕಾರಿನ ಭಾಗ ಐದು ವರ್ಷ ಮಾರಾಟವಾಗಲಿಲ್ಲವೆಂದ ಮಾತ್ರಕ್ಕೆ ಅದರ ಬೆಲೆ ಶೂನ್ಯವಲ್ಲ. ಬೇಡಿಕೆಯ ಪತ್ರಗಳು ಕಡತದಲ್ಲಿದ್ದರೆ ಲೆಕ್ಕಪರಿಶೋಧಕರಿಗೆ ಆಧಾರವಾಗುತ್ತದೆ. ಬೆಲೆ ಇಳಿಸಿ ತೋರಿಸುವುದಕ್ಕೂ ಪುಸ್ತಕದಿಂದ ಪೂರ್ತಿ ತೆಗೆದುಹಾಕುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಮರೆಯಬಾರದು. ಪೂರ್ತಿ ತೆಗೆದುಹಾಕಿದ ಅಥವಾ ನಾಶಪಡಿಸಿದ ಮಾಲಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನನ್ವಯ ಹಿಂದಿರುಗಿಸಬೇಕಾಗುತ್ತದೆ. ಮಾರ್ಚ್ 31ರ ಎಣಿಕೆಗೆ ಮುನ್ನವೇ ರಬ್ಬರು, ಲೋಹ, ವಿನಿಮಯಕ್ಕೆ ಬಂದ ಹಳೆಯ ಭಾಗಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಬರೆದು, ರಬ್ಬರಿನ ಪಟ್ಟಿಯಲ್ಲಿ ತಯಾರಾದ ತಿಂಗಳನ್ನೂ ನಮೂದಿಸಿಟ್ಟುಕೊಳ್ಳತಕ್ಕದ್ದು.