ಸಮುದ್ರ ಪ್ರವಾಹವನ್ನು ವಿದ್ಯುತ್ತಿನಿಂದ ಅಳೆಯುವ ಬಗೆ

ಕೊಡಗಿನ ಮಳೆಯು ಪಡುವಣ ಸಮುದ್ರದಿಂದ ಬರುವದೆಂದು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಬಿದ್ದ ನೀರು ಕಾವೇರಿಯಾಗಿ ಮೂಡಣ ಕಡಲನ್ನೂ ಬಾರಪೊಳೆಯಾಗಿ ಪಡುವಣ ಕಡಲನ್ನೂ ಸೇರುತ್ತದೆ. ಹೊಳೆಯ ವೇಗವನ್ನು ತಿಳಿಯಲು ಒಂದು ಎಲೆಯನ್ನು ತೇಲಬಿಟ್ಟು ಗಡಿಯಾರವನ್ನು ನೋಡಿದರೆ ಸಾಕು. ದಡವೇ ಕಾಣದ ಸಮುದ್ರದೊಳಗಣ ಪ್ರವಾಹವನ್ನು ಅಳೆಯುವದು ಹೇಗೆ? ಬೆಟ್ಟದ ಸೀಮೆಯ ಹೆಣ್ಣುಮಕ್ಕಳಿಗೆ ಈ ಪಾಠವೇತಕ್ಕೆಂದು ಕೇಳುವ ತಂದೆತಾಯಿಗಳುಂಟು. ಗದ್ದೆಯ ನೀರು ಸಮುದ್ರದಿಂದ ಬರುತ್ತಿರುವಾಗ ಸಮುದ್ರದ ನಡೆಯು ನಮಗೆ ಪರರ ವಿಷಯವಲ್ಲ.

ಭೂಮಿಯು ಒಂದು ಮಹಾ ಸೂಜಿಗಲ್ಲು. ಸೂಜಿಗಲ್ಲಿನ ಪ್ರಭಾವವಿರುವ ಸ್ಥಳದಲ್ಲಿ ವಿದ್ಯುದ್ವಾಹಕವಾದ ವಸ್ತುವು ಅಡ್ಡಲಾಗಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವದೆಂದು ಮೈಕೇಲ್ ಫ್ಯಾರಡೆಯವರು 1831ರಲ್ಲಿ ಕಂಡುಹಿಡಿದರು. ಉಪ್ಪುನೀರು ಒಳ್ಳೆಯ ವಾಹಕ. ಆದಕಾರಣ ಹರಿಯುವ ಸಮುದ್ರವು ತಾನೇ ಒಂದು ವಿದ್ಯುದ್ಯಂತ! ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವ ಕೆಲಸವನ್ನು ಕಲಿತ ಈ ಭಕ್ತ ಕ್ರೈಸ್ತರು 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಮೇಲೆ 960 ಅಡಿ ತಾಮ್ರದ ತಂತಿಯನ್ನೆಳೆದು, ಅದರ ಎರಡು ತುದಿಗಳಿಗೂ ಲೋಹದ ತಗಡುಗಳನ್ನು ಕಟ್ಟಿ ಥೇಮ್ಸ್ ನದಿಯಲ್ಲಿ ಇಳಿಬಿಟ್ಟರು. ಮೂರು ದಿನ ಪರೀಕ್ಷಿಸಿದರು; ಸೂಜಿಯು ಅಲುಗಿತು, ಆದರೆ ಕ್ರಮವಿಲ್ಲದೆ. ಎರಡು ದಡಗಳ ನೀರಿನ ಶುದ್ಧತೆ, ಶಾಖ, ತಗಡುಗಳ ಸ್ವಭಾವ ಇವುಗಳ ಭೇದವೇ ಅದಕ್ಕೆ ಕಾರಣವೆಂದು ಅವರು ಮರೆಮಾಚದೆ ಬರೆದರು. ಈ ಪ್ರಾಮಾಣಿಕತೆಯನ್ನು ನಾನು ಆ ಶೋಧನೆಯಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಡೋವರಿಗೂ ಕಲೇಗೂ ನಡುವಣ ಕಡಲಲ್ಲಿ ಇಂಥ ವಿದ್ಯುತ್ತು ಇರಲೇಬೇಕೆಂಬ ಅವರ ಊಹೆಯು ಸುಳ್ಳಾಗಲಿಲ್ಲ. 1851ರಲ್ಲಿ ಆ ಜಲಸಂಧಿಯ ತಂತಿಯಲ್ಲಿ ಉಬ್ಬರವಿಳಿತಗಳೊಡನೆ ಏರಿಳಿಯುವ ವಿದ್ಯುತ್ತನ್ನು ವೊಲಾಸ್ಟನ್ ಎಂಬವರು ಕಂಡರು.

ವಿದ್ಯುತ್ತಿನ ಪ್ರಮಾಣವು ಬಹು ಅಲ್ಪ. ಫ್ಲೋರಿಡಾದ ಬಳಿಯ ಅಕ್ಷಾಂಶದಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಹರಿದರೆ, ಪ್ರವಾಹದ ಅಗಲದ ಪ್ರತಿ ಕಿಲೋಮೀಟರಿಗೆ ಹೆಚ್ಚೆಂದರೆ 40 ಮಿಲಿವೋಲ್ಟಿನಷ್ಟು. ಕಡಲ ತಳದ ಮಣ್ಣು ಅದರಲ್ಲಿಯೂ ಒಂದಂಶವನ್ನು ನುಂಗುತ್ತದೆ. ಆದರೂ ಫ್ಲೋರಿಡಾಕ್ಕೂ ಬಹಾಮಾ ದ್ವೀಪಗಳಿಗೂ ನಡುವೆ ಹಾಸಿದ ಟೆಲಿಫೋನು ತಂತಿಗಳ ಮೂಲಕ 1982ರಿಂದ ನಾಲ್ಕು ದಶಕಗಳ ಕಾಲ ಅಲ್ಲಿಯ ಪ್ರವಾಹವನ್ನು ಅಳೆದರು. ಸೆಕೆಂಡಿಗೆ ಸುಮಾರು 3.2 ಕೋಟಿ ಘನ ಮೀಟರು ನೀರು! ಯುರೋಪಿನ ಕಡೆಗೆ ಶಾಖವನ್ನೊಯ್ಯುವ ಈ ಪ್ರವಾಹವು ಕುಗ್ಗುತ್ತಿದೆಯೋ ಎಂಬ ಭಯವುಂಟಾಗಿತ್ತು. ಆದರೆ ಭೂಮಿಯ ಕಾಂತಶಕ್ತಿಯೂ ವರ್ಷದಿಂದ ವರ್ಷಕ್ಕೆ ತುಸು ಬದಲಾಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು 2024ರಲ್ಲಿ ತಿದ್ದಿ ನೋಡಿದಾಗ, ಕುಗ್ಗಿದಂತೆ ಕಂಡದ್ದು ಬಹುಮಟ್ಟಿಗೆ ಮಾಯವಾಯಿತು. ಅಳತೆಗೋಲೇ ಸವೆಯುತ್ತಿತ್ತು!

ಈ ಉಪಾಯವು ನಮ್ಮ ಮಂಗಳೂರಿನ ಕಡಲಿಗೆ ಸಲ್ಲುವದೇ? ಹೆಚ್ಚಾಗಿ ಸಲ್ಲದು. ಅಡ್ಡಲಾಗಿ ಹರಿಯುವ ನೀರಿನ ಎರಡು ಬದಿಗಳ ನಡುವೆ ವಿದ್ಯುತ್ತು ಹುಟ್ಟಲು ಕಾಂತಶಕ್ತಿಯು ಲಂಬವಾಗಿರಬೇಕು. ಮಧ್ಯದಲ್ಲಿ ತೂಗಹಾಕಿದ ಕಾಂತಸೂಜಿಯು ಇಂಗ್ಲೆಂಡಿನಲ್ಲಿ ಕಡಿದಾಗಿ ನೆಲದ ಕಡೆಗೆ ಬಾಗುತ್ತದೆ; ಕೊಡಗಿನಲ್ಲಿ ತುಸುವೇ ಬಾಗುತ್ತದೆ; ಇನ್ನೂ ತೆಂಕಣಕ್ಕೆ ಹೋದರೆ ಮಟ್ಟಸವಾಗಿಯೇ ನಿಲ್ಲುತ್ತದೆ. ಅಲ್ಲಿ ಹಾಯುವ ಕಾಂತ ವಿಷುವದ್ರೇಖೆಯ ಸಮೀಪವೆಂಬ ಕಾರಣದಿಂದಲೇ 1963ರಲ್ಲಿ ತುಂಬೆಯಿಂದ ರಾಕೆಟ್ಟು ಹಾರಿಸಿದರು. ರಾಕೆಟ್ಟಿಗೆ ವರವಾದದ್ದು ತಂತಿಗೆ ಶಾಪ!

ನಮ್ಮ ಪಡುವಣ ಕರಾವಳಿಯ ಪ್ರವಾಹವಾದರೋ ಮುಂಗಾರಿನಲ್ಲಿ ತೆಂಕಣಕ್ಕೂ ಚಳಿಗಾಲದಲ್ಲಿ ಬಡಗಣಕ್ಕೂ ತಿರುಗುತ್ತದೆ. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲೆದ್ದು ಬರುವದರಿಂದ ಬೂತಾಯಿ, ಬಂಗುಡೆ ಮೀನುಗಳಿಗೆ ಆಹಾರ ದೊರೆಯುವದು. ಮೊಗವೀರರ ಮನೆಗಳಲ್ಲಿ ಒಲೆಯುರಿಯುವದೂ ಇದರಿಂದಲೇ. ಇದನ್ನು ಅಳೆಯಲು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಯಂತ್ರಗಳನ್ನು ಹಗ್ಗದಿಂದ ಕಡಲ ತಳಕ್ಕೆ ಕಟ್ಟಿ ನೀರೊಳಗೆ ನಿಲ್ಲಿಸಿರುವರು. ಅವು ಶಬ್ದವನ್ನು ಹೊರಡಿಸಿ, ತೇಲುವ ಸೂಕ್ಷ್ಮ ಜೀವಿಗಳಿಗೆ ತಗಲಿ ಮರಳುವ ಪ್ರತಿಧ್ವನಿಯ ಸ್ವರಭೇದದಿಂದ ನೀರಿನ ವೇಗವನ್ನು ತಿಳಿಸುತ್ತವೆ.