ಕಟ್ಟಿಗೆ ಕೊಯ್ಯೋಕೆ ಚೈನ್ ಸಾ ತಗೊಳ್ತೀರಾ? ಸಿಸಿ ನೋಡೋ ಮೊದಲು ನಿಮ್ಮ ಕಟ್ಟಿಗೆ ಅಳೆದು ನೋಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ ಕೊಯ್ಲು ಶುರುವಾಯಿತು ಅಂದರೆ ತಿಂಗಳುಗಟ್ಟಲೆ ಒಲೆ ಉರಿಯಬೇಕು. ಹಂಡೆಯಲ್ಲಿ ಅಡಿಕೆ ಬೇಯಿಸುವವರಿಗೆ ಕಟ್ಟಿಗೆ ಸಣ್ಣ ಖರ್ಚಲ್ಲ. ಜಗಳೂರು ಕಡೆ ಕಥೆ ಬೇರೆ. ಅಲ್ಲಿ ಹೊಲದ ಬದು, ಹಳ್ಳದ ಪಕ್ಕ, ಪಾಳು ಬಿದ್ದ ಜಮೀನಿನಲ್ಲಿ ಬಳ್ಳಾರಿ ಜಾಲಿ ಹಬ್ಬಿರುತ್ತದೆ. ಅದನ್ನು ಕಡಿದರೆ ಜಮೀನೂ ಸಾಫ್, ಒಲೆಗೆ ಕಟ್ಟಿಗೆಯೂ ಆಯಿತು. ಎರಡೂ ಕಡೆ ಈಗ ಕೊಡಲಿ ಹಿಡಿಯುವ ಆಳು ಸಿಗುವುದು ಕಷ್ಟ. ಹಾಗಾಗಿ ಯುವ ರೈತರು ಮೊಬೈಲ್‌ನಲ್ಲಿ ಚೈನ್ ಸಾ ಹುಡುಕುತ್ತಾರೆ, "58 ಸಿಸಿ, 22 ಇಂಚು" ಅಂತ ದೊಡ್ಡ ಅಕ್ಷರದಲ್ಲಿ ಇರುವುದನ್ನು ನೋಡಿ ಆರ್ಡರ್ ಮಾಡಿಬಿಡುತ್ತಾರೆ.

ಅಲ್ಲೇ ತಪ್ಪುವುದು. ಕಟ್ಟಿಗೆ ಕೆಲಸಕ್ಕೆ ದೊಡ್ಡ ಮಷಿನ್ ಬೇಕಾಗಿಲ್ಲ, ಮಧ್ಯಮ ಗಾತ್ರದ್ದು ಸಾಕು. ಅದರಲ್ಲೂ ಸಿಸಿಗಿಂತ ಮುಖ್ಯವಾದ ವಿಷಯ ಮೂರಿವೆ: ನಿಮ್ಮ ಕಟ್ಟಿಗೆ ಎಷ್ಟು ದಪ್ಪ, ಚೈನ್ ಎಷ್ಟು ಹರಿತ, ಬಿಡಿಭಾಗ ಎಷ್ಟು ಹತ್ತಿರ ಸಿಗುತ್ತದೆ. ಈ ವಾರ ಇದನ್ನೇ ಒಂದೊಂದಾಗಿ ನೋಡೋಣ.

ಮೊದಲು: ಕೊಳ್ಳಬೇಕಾ, ಬಾಡಿಗೆ ಸಾಕಾ?

ಒಂದು ಲೆಕ್ಕ ಹಾಕಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಮಷಿನ್ 25,000 ರೂಪಾಯಿ, ಹೆಲ್ಮೆಟ್, ಶೂ, ಕೈಗವಸು ಸೇರಿ 5,000 ಅಂತಿಟ್ಟುಕೊಳ್ಳಿ. ಒಟ್ಟು 30,000. ಮಷಿನ್ ತಂದು ಕೊಯ್ದು ಕೊಡುವವರು ದಿನಕ್ಕೆ 1,500 ತಗೊಳ್ತಾರೆ ಅಂದುಕೊಳ್ಳೋಣ. ನೀವೇ ಕೊಯ್ದರೆ ಪೆಟ್ರೋಲ್, ಆಯಿಲ್, ಚೈನ್ ಸವೆತಕ್ಕೆ ದಿನಕ್ಕೆ 500, ನಿಮ್ಮ ಕೂಲಿ 500. ಅಂದರೆ ದಿನಕ್ಕೆ ಉಳಿಯುವುದು 500. 30,000 ವಾಪಸ್ ಬರಬೇಕಾದರೆ 60 ದಿನ ಕೆಲಸ ಆಗಬೇಕು. ವರ್ಷಕ್ಕೆ 12 ದಿನ ಕೊಯ್ದರೆ ಐದು ವರ್ಷ. ವರ್ಷಕ್ಕೆ ನಾಲ್ಕೇ ದಿನದ ಕೆಲಸ ಇದ್ದರೆ 15 ವರ್ಷ!

ಹಾಗಾಗಿ ವರ್ಷಕ್ಕೆ ನಾಲ್ಕೈದು ದಿನದ ಕೆಲಸ ಇರುವವರು ಬಾಡಿಗೆಗೆ ಕರೆಸುವುದೇ ಒಳ್ಳೆಯದು. ಅಣ್ಣ-ತಮ್ಮಂದಿರು, ಅಕ್ಕಪಕ್ಕದ ತೋಟದವರು ಮೂರ್ನಾಲ್ಕು ಮನೆ ಸೇರಿ ಒಂದು ಮಷಿನ್ ಇಟ್ಟುಕೊಂಡರೂ ಲೆಕ್ಕ ಕೂಡುತ್ತದೆ. ಆದರೆ ಓಡಿಸುವವರು, ಚೈನ್ ಹರಿತ ಮಾಡುವವರು ಒಬ್ಬರೇ ಇರಲಿ. ಎಲ್ಲರ ಕೈಗೂ ಹೋದ ಮಷಿನ್ ಬೇಗ ಮೂಲೆ ಸೇರುತ್ತದೆ. ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲೂ ತೋಟಗಾರಿಕೆ ಇಲಾಖೆಯಲ್ಲೂ ಒಮ್ಮೆ ಕೇಳಿ. ಈ ವರ್ಷದ ಸಹಾಯಧನದ ಪಟ್ಟಿಯಲ್ಲಿ ಚೈನ್ ಸಾ ಇದ್ದರೆ ನಿಮ್ಮ ಫ್ರೂಟ್ಸ್ ನಂಬರ್ ಬೇಕಾಗುತ್ತದೆ. ಮೊದಲೇ ಕೊಂಡು ಆಮೇಲೆ ಅರ್ಜಿ ಹಾಕಲು ಹೋಗಬೇಡಿ.

ಸಿಸಿ ಅಂದರೆ ಏನು, ಎಷ್ಟು ಬೇಕು?

ಸಿಸಿ ಅನ್ನುವುದು ಸಿಲಿಂಡರ್‌ನ ಅಳತೆ, ಶಕ್ತಿಯ ಅಳತೆ ಅಲ್ಲ. ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಹೇಳುತ್ತಾರೆ. ಹೋಲಿಕೆಗೆ ಹೇಳುವುದಾದರೆ ಸ್ಟಿಲ್ ಎಂಎಸ್ 250 ಮಾದರಿ 45.4 ಸಿಸಿ, 2.3 ಕಿಲೋವ್ಯಾಟ್, ಅಂದರೆ ಸುಮಾರು 3 ಎಚ್‌ಪಿ. ಹಸ್ಕ್‌ವರ್ನಾ 450 ಮಾದರಿ 50.2 ಸಿಸಿ, 2.4 ಕಿಲೋವ್ಯಾಟ್. ಮಧ್ಯಮ ಗಾತ್ರ ಅಂದರೆ ಇಂಥವು. ಇದನ್ನೇ ಕೊಳ್ಳಿ ಅಂತಲ್ಲ, ಬೇರೆ ಕಂಪನಿಯದನ್ನು ನೋಡುವಾಗ ಈ ಅಳತೆ ತಲೆಯಲ್ಲಿರಲಿ.

ಡಬ್ಬದ ಮೇಲಿನ ಸಿಸಿ ನಿಜವಾ ಅಂತ ನೀವೇ ಲೆಕ್ಕ ಹಾಕಬಹುದು. ಮಷಿನ್ ಪುಸ್ತಕದಲ್ಲಿ ಬೋರ್ ಮತ್ತು ಸ್ಟ್ರೋಕ್ ಕೊಟ್ಟಿರುತ್ತಾರೆ. ಎರಡನ್ನೂ ಸೆಂಟಿಮೀಟರ್‌ಗೆ ತನ್ನಿ. ಬೋರ್ × ಬೋರ್ × ಸ್ಟ್ರೋಕ್ × 0.785, ಇಷ್ಟೇ. ಬೋರ್ 45 ಮಿ.ಮೀ., ಸ್ಟ್ರೋಕ್ 34 ಮಿ.ಮೀ. ಇದ್ದರೆ 4.5 × 4.5 × 3.4 × 0.785 = 54 ಸಿಸಿ. ಅಂಥ ಮಷಿನ್ ಮೇಲೆ 58 ಅಂತ ಬರೆದಿದ್ದರೆ ಉಳಿದ ಮಾತನ್ನೂ ಅಷ್ಟೇ ನಂಬಿ. ಕಿಲೋವ್ಯಾಟ್ ಎಲ್ಲೂ ಬರೆದೇ ಇಲ್ಲ ಅಂದರೆ ಇನ್ನೂ ಹುಷಾರು.

ಯಾವ ಕಡೆಗೆ ಯಾವುದು?

ಚನ್ನಗಿರಿ, ನ್ಯಾಮತಿ: ಅಡಿಕೆ ಒಲೆಗೆ ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್, ಮಾವಿನ ದಿಮ್ಮಿ ತಂದು ಕೊಯ್ಯುವವರು 45ರಿಂದ 50 ಸಿಸಿ, 16 ಅಥವಾ 18 ಇಂಚಿನ ಬಾರ್ ಇರುವುದನ್ನು ನೋಡಿ. ಕೇಣಿ ಹಿಡಿದು ದಿನಾ ಬೇಯಿಸುವವರಿಗೆ, ದಿಮ್ಮಿ ದಪ್ಪ ಇದ್ದರೆ, 50ರಿಂದ 55 ಸಿಸಿ ಆಗಬಹುದು.

ಹೊನ್ನಾಳಿ: ಬದುವಿನ ಬೇವು, ಜಾಲಿ, ಒಣಗಿದ ತೆಂಗು ಹೀಗೆ ಮಿಶ್ರ ಕಟ್ಟಿಗೆ ಇದ್ದರೆ 45 ಸಿಸಿ, 16 ಇಂಚು ಸಾಕು. ತೆಂಗಿನ ನಾರು ಸ್ಪ್ರಾಕೆಟ್ ಹತ್ತಿರ ಸುತ್ತಿಕೊಳ್ಳುತ್ತದೆ. ಮಧ್ಯೆ ಮಧ್ಯೆ ಮಷಿನ್ ಆಫ್ ಮಾಡಿ, ಕವರ್ ಬಿಚ್ಚಿ ತೆಗೆಯುತ್ತಿರಿ.

ಜಗಳೂರು: ಬಳ್ಳಾರಿ ಜಾಲಿ ಗಟ್ಟಿ, ಆದರೆ ಸಾಮಾನ್ಯವಾಗಿ ದಪ್ಪ ಇರಲ್ಲ. ಒಂದೇ ಬುಡದಿಂದ ನಾಲ್ಕಾರು ಕಾಂಡ, ಸುತ್ತ ಮುಳ್ಳು. ಇಲ್ಲಿ 35ರಿಂದ 45 ಸಿಸಿ, 14 ಅಥವಾ 16 ಇಂಚು ಸಾಕು. ಮುಳ್ಳಿನ ನಡುವೆ ಬಗ್ಗಿ ಕೆಲಸ ಮಾಡುವಾಗ ಹಗುರ ಮಷಿನ್ನೇ ನಿಮ್ಮ ಸೊಂಟ ಉಳಿಸುವುದು. ಮೊದಲು ಕುಡುಗೋಲಿನಿಂದ ಸಣ್ಣ ಕೊಂಬೆ ಬಿಡಿಸಿ ದಾರಿ ಮಾಡಿಕೊಳ್ಳಿ. ಬುಡದ ಮಣ್ಣಿಗೆ ಚೈನ್ ತಾಗಿಸಬೇಡಿ. ಒಂದು ಸಲ ಮಣ್ಣು, ಕಲ್ಲು ತಾಗಿದರೆ ಹರಿತ ಹೋಯಿತು ಅಂತಲೇ ಲೆಕ್ಕ.

ಬಾರ್ ಉದ್ದವಾದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು. ನಿಮ್ಮ ದಿಮ್ಮಿಗಿಂತ ಎರಡು ಇಂಚು ಉದ್ದ ಇದ್ದರೆ ಸಾಕು. ಎಲ್ಲೋ ಒಂದು ದಪ್ಪ ದಿಮ್ಮಿ ಬಂದರೆ ಎರಡು ಕಡೆಯಿಂದ ಕೊಯ್ಯಬಹುದು. 45 ಸಿಸಿ ಮಷಿನ್‌ಗೆ 22 ಇಂಚಿನ ಬಾರ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಬಾರ್ ತುದಿ ಎಲ್ಲೆಲ್ಲಿಗೋ ತಾಗುತ್ತದೆ, ಚೈನ್ ಬೆಲೆಯೂ ಜಾಸ್ತಿ.

ಅಡಿಕೆ ಮನೆ ಅಂಗಳಕ್ಕೇ ದಿಮ್ಮಿ ತಂದು ಕೊಯ್ಯುವವರು ಕರೆಂಟ್ ಚೈನ್ ಸಾ ಕೂಡ ಯೋಚಿಸಬಹುದು. ಪೆಟ್ರೋಲ್ ಮಿಶ್ರಣದ ಗೋಜಿಲ್ಲ. ಆದರೆ 2,000 ವ್ಯಾಟ್‌ನದು 9 ಆಂಪ್ಸ್ ಹತ್ತಿರ ಎಳೆಯುತ್ತದೆ. ಮಾಮೂಲಿ ಸಣ್ಣ ಪ್ಲಗ್‌ಗೆ ಹಾಕಬೇಡಿ, 16 ಆಂಪ್ಸ್ ಪಾಯಿಂಟ್ ಮತ್ತು ದಪ್ಪ ವೈರ್ ಬೇಕು.

ಚೈನ್ ಹರಿತ ಇಲ್ಲದಿದ್ದರೆ ಎಷ್ಟು ಸಿಸಿ ಇದ್ದೂ ದಂಡ

ಹರಿತ ಇರುವ ಚೈನ್ ಮರದಿಂದ ಚೂರು ಚೂರಾಗಿ ಚಕ್ಕೆ ಹಾರಿಸುತ್ತದೆ. ಮೊಂಡಾದ ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಪುಡಿ ಬರಲು ಶುರುವಾಯಿತು ಅಂದರೆ ಒತ್ತಬೇಡಿ, ನಿಲ್ಲಿಸಿ. ಒತ್ತಿ ಕೊಯ್ದರೆ ಬಾರ್ ಕಾಯುತ್ತದೆ, ಕ್ಲಚ್ ಸುಡುತ್ತದೆ, ಕೈ ಸೋಲುತ್ತದೆ. ಕೈ ಸೋತಾಗಲೇ ಅಪಾಯ ಆಗುವುದು.

ಹರಿತ ಮಾಡಲು ಗುಂಡು ಅರ ಬೇಕು. ಚೈನ್‌ನ ಪಿಚ್ ನೋಡಿ ಅರ ತಗೊಳ್ಳಿ. ಸಣ್ಣ ಮಷಿನ್‌ನ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿ.ಮೀ., ಮಧ್ಯಮ ಮಷಿನ್‌ನ .325 ಚೈನ್‌ಗೆ 4.8 ಮಿ.ಮೀ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಒಂದೊಂದು ಹಲ್ಲಿಗೂ ಎರಡು ಮೂರು ಸಲ ಒಂದೇ ದಿಕ್ಕಿಗೆ ಅರ ಎಳೆದರೆ ಸಾಕು. ಸಾಮಾನ್ಯ ಚೈನ್‌ಗೆ 30 ಡಿಗ್ರಿ ಓರೆ, ಹಲ್ಲಿನ ಮೇಲೆ ಗೆರೆ ಹಾಕಿರುತ್ತಾರೆ. ಎಲ್ಲ ಹಲ್ಲಿಗೂ ಅಷ್ಟೇ ಸಲ ಎಳೆಯಿರಿ. ಒಂದು ಪಕ್ಕ ಕಡಿಮೆ ಆದರೆ ಮಷಿನ್ ವಾರೆಯಾಗಿ ಕೊಯ್ಯುತ್ತದೆ.

ಅಂಗಡಿಯಲ್ಲಿ ಕೇಳಿ, ನೋಡಿ

* ನಿಮ್ಮ ಮುಂದೆಯೇ ತಣ್ಣಗಿರುವ ಮಷಿನ್ ಸ್ಟಾರ್ಟ್ ಮಾಡಿಸಿ.
* ಆಕ್ಸಲರೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಐಡಲ್ ಸರಿ ಮಾಡಿಸಿ.
* ಚೈನ್ ಬ್ರೇಕ್ ಮುಂದಕ್ಕೆ ತಳ್ಳಿದ ತಕ್ಷಣ ಚೈನ್ ನಿಲ್ಲಬೇಕು. ಬ್ರೇಕ್ ಇಲ್ಲದ ಮಷಿನ್ ಬಿಟ್ಟಿ ಕೊಟ್ಟರೂ ಬೇಡ.
* ಬಾರ್ ತುದಿಯನ್ನು ಒಂದು ರಟ್ಟಿನ ಮುಂದೆ ಸ್ವಲ್ಪ ದೂರ ಹಿಡಿದು ಓಡಿಸಿದರೆ ಎಣ್ಣೆಯ ಗೆರೆ ಬೀಳಬೇಕು. ಬಿದ್ದರೆ ಚೈನ್ ಆಯಿಲ್ ಬರುತ್ತಿದೆ ಅಂತ.
* ಚೈನ್, ಬಾರ್, ಸ್ಪ್ರಾಕೆಟ್, ಏರ್ ಫಿಲ್ಟರ್, ಕಾರ್ಬೊರೇಟರ್ ಬೆಲೆ ಬರೆಸಿಕೊಳ್ಳಿ. ರಿಪೇರಿ ಎಲ್ಲಿ ಮಾಡುತ್ತೀರಿ, ಎಷ್ಟು ದಿನ ಅಂತ ಕೇಳಿ. ಸುಗ್ಗಿಯಲ್ಲಿ ಹದಿನೈದು ದಿನ ಮಷಿನ್ ಅಂಗಡಿಯಲ್ಲಿ ಕೂತರೆ ಕಡಿಮೆ ಬೆಲೆಗೆ ಕೊಂಡಿದ್ದು ಲಾಭ ಅಲ್ಲ.
* ಸೀರಿಯಲ್ ನಂಬರ್ ಇರುವ ಬಿಲ್ ಇಲ್ಲದೆ ಮನೆಗೆ ತರಬೇಡಿ.

ಪೆಟ್ರೋಲ್, ಆಯಿಲ್

ಪೆಟ್ರೋಲ್ ಚೈನ್ ಸಾಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್. ಕಂಪನಿ 50:1 ಅಂತ ಹೇಳಿದ್ದರೆ ಲೀಟರ್‌ಗೆ 20 ಮಿ.ಲೀ. ಟೂಟಿ ಆಯಿಲ್, 25:1 ಅಂತ ಇದ್ದರೆ 40 ಮಿ.ಲೀ. ಕಣ್ಣಳತೆ ಬೇಡ, ಅಳತೆ ಮುಚ್ಚಳ ಇಟ್ಟುಕೊಳ್ಳಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಬೇಕಾದಷ್ಟೇ ಕಲಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗುವವರೆಗೆ ಓಡಿಸಿ ಎತ್ತಿಡಿ. ಹಾಗೇ ಇಟ್ಟರೆ ಮುಂದಿನ ವರ್ಷ ಮೊದಲ ಖರ್ಚು ಕಾರ್ಬೊರೇಟರ್‌ದೇ.

ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಆಯಿಲ್ ಟ್ಯಾಂಕೂ ತುಂಬಿ. ಟ್ರ್ಯಾಕ್ಟರ್‌ನಿಂದ ತೆಗೆದ ಹಳೇ ಕರಿ ಆಯಿಲ್ ಹಾಕಬೇಡಿ. ಅದರಲ್ಲಿರುವ ಕೊಳೆ ಪಂಪ್ ಕಟ್ಟಿಸುತ್ತದೆ, ಬಾರ್ ಸವೆಸುತ್ತದೆ.

ಪಂಚೆ, ಟವೆಲ್ ಮನೆಯಲ್ಲಿಡಿ

ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಹೆಗಲ ಮೇಲಿನ ಟವೆಲ್, ಪಂಚೆ, ಲುಂಗಿ ಸಿಕ್ಕಿದರೆ ನಿಮ್ಮನ್ನೂ ಎಳೆದುಕೊಳ್ಳುತ್ತದೆ. ಗಟ್ಟಿ ಪ್ಯಾಂಟ್, ಬೂಟು, ಕಣ್ಣಿಗೆ ಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮಫ್ ಬೇಕೇ ಬೇಕು. ಕಾಲಿಗೆ ಚೈನ್ ಸಾ ಪ್ಯಾಂಟ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಬಾರ್ ತುದಿಯ ಮೇಲಿನ ಅರ್ಧ ಯಾವುದಕ್ಕಾದರೂ ತಾಗಿದರೆ ಮಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಎಗರುತ್ತದೆ. ಜಾಲಿ ಪೊದೆಯಲ್ಲಿ ಇದು ಹೆಚ್ಚು. ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿ ಹಿಡಿದಿರಲಿ. ಭುಜಕ್ಕಿಂತ ಮೇಲೆ, ಏಣಿ ಮೇಲೆ, ಮರ ಹತ್ತಿ ಕೊಯ್ಯಬೇಡಿ. ಒಬ್ಬರೇ ಹೋಗಬೇಡಿ. ನಿಂತ ದೊಡ್ಡ ಮರ ಕೆಡವುವುದು ಬೇರೆಯೇ ವಿದ್ಯೆ, ಅದನ್ನು ಗೊತ್ತಿರುವವರಿಗೇ ಬಿಡಿ.

ಮರ ನಿಮ್ಮದೇ ಆದರೂ ಕೇಳಿ ಕಡಿಯಿರಿ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್, ತೆಂಗು, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಉಳಿದವಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಶ್ರೀಗಂಧ, ತೇಗ, ಬೀಟೆ, ಹೊನ್ನೆ ತಂಟೆಗಂತೂ ಕೇಳದೆ ಹೋಗಲೇಬೇಡಿ. ಜಗಳೂರಿನವರು ಗಮನಿಸಿ: ರಂಗಯ್ಯನದುರ್ಗ ಕೊಂಡುಕುರಿಗಳಿಗಾಗಿ ಮೀಸಲಾದ ವನ್ಯಧಾಮ. ಅಲ್ಲಿ ಜಾಲಿ ಕಡ್ಡಿಯನ್ನೂ ಮುಟ್ಟುವಂತಿಲ್ಲ. ಕಾಡಿನಲ್ಲಿ ಸಿಕ್ಕಿಬಿದ್ದರೆ ಮಷಿನ್ ಜೊತೆ ಟ್ರ್ಯಾಕ್ಟರೂ ಜಪ್ತಿ ಆಗುತ್ತದೆ.

ಈ ವಾರದ ಕೆಲಸ

ಟೇಪ್ ಹಿಡಿದು ನಿಮ್ಮ ರಾಶಿಯಲ್ಲಿ ಹತ್ತು ಕಟ್ಟಿಗೆಯ ದಪ್ಪ ಅಳೆಯಿರಿ. ಹತ್ತರಲ್ಲಿ ಎಂಟು 14 ಇಂಚಿನೊಳಗೆ ಇದ್ದರೆ 16 ಇಂಚಿನ ಬಾರ್ ನಿಮಗೆ ಸಾಕು. ಹೋದ ವರ್ಷ ಎಷ್ಟು ದಿನ ಕೊಯ್ದಿರಿ ಅಂತ ಬರೆಯಿರಿ. ಮೂರು ಅಂಗಡಿಗೆ ಫೋನ್ ಮಾಡಿ, ಮಷಿನ್ ಬೆಲೆ ಅಲ್ಲ, ಚೈನ್ ಬೆಲೆ ಕೇಳಿ. ಈ ಮೂರು ಉತ್ತರ ಕೈಯಲ್ಲಿದ್ದರೆ ಯಾವ ಜಾಹೀರಾತೂ ನಿಮ್ಮನ್ನು ಯಾಮಾರಿಸಲ್ಲ.

ಕೊನೆಗೊಂದು ಮಾತು. ಕಟ್ಟಿಗೆಯನ್ನು ಹಸಿ ಇರುವಾಗಲೇ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ದು ಸೀಳಿ ಹಾಕಿ. ಒಣ ಜಾಲಿಗಿಂತ ಹಸಿ ಜಾಲಿ ಕೊಯ್ಯುವುದು ಸುಲಭ. ಬೇಸಿಗೆಯ ಬಿಸಿಲಲ್ಲಿ ಒಣಗಿಸಿ, ಮಳೆಗೆ ಮೊದಲು ತಗಡಿನ ಕೆಳಗೆ ಒಟ್ಟಿಡಿ. ಒಣ ಕಟ್ಟಿಗೆ ಇದ್ದರೆ ಹಂಡೆ ಬೇಗ ಕುದಿಯುತ್ತದೆ, ಹೊಗೆ ಕಡಿಮೆ, ಕಟ್ಟಿಗೆಯೂ ಕಡಿಮೆ ಸಾಕಾಗುತ್ತದೆ. ಕಟ್ಟಿಗೆ ಕಡಿಮೆ ಸಾಕಾದರೆ ಮಷಿನ್ ಕೆಲಸವೂ ಅಷ್ಟೇ ಕಡಿಮೆ.