ನಿದ್ರೆಯ ಗುಳಿಗೆಯೂ ಅಪರಿಚಿತರ ಚಹವೂ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಊರಿಗೆ ಹಿಂದಿರುಗುವ ರೈತರೊಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಸೊಂಟದಲ್ಲಿ ಹಣವಿದೆ. ರೈಲಿನಲ್ಲಿ ಎದುರು ಕುಳಿತವನು ಧಾರಣೆ ವಿಚಾರಿಸುತ್ತಾನೆ, ಮಳೆಯ ಮಾತಾಡುತ್ತಾನೆ. ಕೊನೆಗೆ “ಒಂದ್ ಕಪ್ ಚಾ ತಗೋರಿ ಅಣ್ಣಾರ” ಎನ್ನುತ್ತಾನೆ. ಬೇಡವೆಂದರೆ ಏನೆಂದುಕೊಂಡಾನು ಎಂದು ಇವರು ಕುಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತದೆ. ಎಚ್ಚರವಾದಾಗ ಇಳಿಯಬೇಕಾದ ನಿಲ್ದಾಣ ದಾಟಿರುತ್ತದೆ, ಹಣ ಹೋಗಿರುತ್ತದೆ, ನಡುವೆ ಏನು ನಡೆಯಿತೆಂಬ ನೆನಪೂ ಇರುವುದಿಲ್ಲ.

ಹಿಂದಿನ ಕಾಲದಲ್ಲಿ ದಾರಿಹೋಕರನ್ನು ದೋಚುವವರು ಉಮ್ಮತ್ತಿಯ ಬೀಜವನ್ನು ಅರೆದು ಊಟದಲ್ಲಿ ಬೆರೆಸುತ್ತಿದ್ದರು. ಈಗ ಆ ಕೆಲಸಕ್ಕೆ ವೈದ್ಯರು ಬರೆದುಕೊಡುವ ಗುಳಿಗೆಗಳೇ ಬಳಕೆಯಾಗುತ್ತಿವೆ. ಡಯಾಜಿಪಾಮ್, ಲೊರಾಜಿಪಾಮ್, ಆಲ್‌ಪ್ರಜೋಲಾಮ್ ಎಂಬುವು ಈ ಜಾತಿಯವು. ಇವು ಕೆಟ್ಟ ಔಷಧಿಗಳಲ್ಲ. ಮೂರ್ಛೆರೋಗದ ಸೆಳೆತವನ್ನು ನಿಲ್ಲಿಸಲು, ವಿಪರೀತ ಗಾಬರಿಯನ್ನು ತಗ್ಗಿಸಲು ವೈದ್ಯರಿಗೆ ಇವು ಬೇಕೇ ಬೇಕು. ಮಿದುಳಿನ ಓಟಕ್ಕೆ ಸಹಜವಾಗಿಯೇ ಒಂದು ತಡೆಯುಂಟು; ಈ ಔಷಧಿ ಆ ತಡೆಯನ್ನು ಇನ್ನೂ ಬಲವಾಗಿ ಒತ್ತುತ್ತದೆ. ಅದರಿಂದಲೇ ನಿದ್ದೆ, ಅದರಿಂದಲೇ ಮರೆವು.

ಇವುಗಳ ಜೊತೆಗೆ ಹೆಂಡ ಅಥವಾ ಸಾರಾಯಿ ಸೇರಿದರೆ ಎರಡೂ ಒಟ್ಟಾಗಿ ಉಸಿರಾಟವನ್ನೇ ನಿಧಾನ ಮಾಡುತ್ತವೆ. ಒಂದೊಂದಾಗಿ ತಾಳಿಕೊಳ್ಳಬಹುದಾದ ಪ್ರಮಾಣವೂ ಜೊತೆಗೂಡಿದಾಗ ಕೊಲ್ಲಬಹುದು. ರಾಯಚೂರಿನ ಕಡೆಯವರಿಗೆ ಕಲಬೆರಕೆ ಸೇಂದಿಯ ವಿಷಯ ಹೊಸದಲ್ಲ. ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಆಲ್‌ಪ್ರಜೋಲಾಮ್ ಮುಂತಾದುವನ್ನು ಅದರಲ್ಲಿ ಬೆರೆಸುತ್ತಾರೆ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಂಥ ಸೇಂದಿ ಕುಡಿದ ಹಲವರು ಸತ್ತರು. ದಿನವೂ ಕುಡಿದವನಿಗೆ ಒಮ್ಮೆಲೇ ಅದು ಸಿಗದೆ ಹೋದರೆ ಕೈಕಾಲು ನಡುಗಿ, ಮಾತು ತಪ್ಪಿ, ಫಿಟ್ಸ್ ಬರುವುದುಂಟು. ಊರಿನವರು ಗಾಳಿ ಸೋಂಕು ಎಂದುಕೊಂಡು ಹೊತ್ತು ಕಳೆಯುತ್ತಾರೆ. ಅವನಿಗೆ ಬೇಕಾದುದು ಆಸ್ಪತ್ರೆ.

ಮನೆಯೊಳಗಿನ ಮಾತನ್ನೂ ಹೇಳಬೇಕು. ಮುದುಕಿಗೆ ನಿದ್ದೆ ಬರುವುದಿಲ್ಲವೆಂದು ವೈದ್ಯರು ಹತ್ತು ದಿನಕ್ಕೆ ಗುಳಿಗೆ ಬರೆದಿರುತ್ತಾರೆ. ಹಳೆಯ ಚೀಟಿ ಹಿಡಿದು ಮಗ ಅದನ್ನೇ ವರ್ಷಗಟ್ಟಲೆ ತರುತ್ತಾನೆ. ಕೆಲವು ವಾರಗಳಲ್ಲಿಯೇ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದರಿಂದ ಬರುತ್ತಿದ್ದ ನಿದ್ದೆಗೆ ಎರಡು ಬೇಕಾಗುತ್ತದೆ. ರಾತ್ರಿ ಎದ್ದಾಗ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ವೃದ್ಧರು ಎಷ್ಟೋ ಮಂದಿ. ಹಾಗೆಂದು ಈ ಲೇಖನ ಓದಿ ಇಂದೇ ನಿಲ್ಲಿಸಿಬಿಡಬೇಡಿರಿ! ಬಹುಕಾಲ ತೆಗೆದುಕೊಂಡವರು ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. 2014ರ ಮಾರ್ಚ್ 1ರಿಂದ ಆಲ್‌ಪ್ರಜೋಲಾಮ್, ಡಯಾಜಿಪಾಮ್‌ಗಳು ಎಚ್-1 ಪಟ್ಟಿಯಲ್ಲಿವೆ. ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿಯಿಲ್ಲದೆ ಕೊಡುವ ಅಂಗಡಿಯವನು ಉಪಕಾರ ಮಾಡಿದನೆಂದು ತಿಳಿಯಬಾರದು.

ಮತ್ತೆ ಚಹದ ವಿಷಯಕ್ಕೆ ಬರೋಣ. ಅವನೂ ಅದೇ ಬಿಸ್ಕತ್ತು ತಿಂದನಲ್ಲ ಎಂಬುದು ಸಮಾಧಾನವಾಗದು. ಅವನು ತಿಂದದ್ದು ಒಂದು, ನಿಮಗೆ ಕೊಟ್ಟದ್ದು ಇನ್ನೊಂದು. ಪ್ರಸಾದವೆಂದು ಕೊಟ್ಟರೆ ಕಣ್ಣಿಗೊತ್ತಿ ಕಟ್ಟಿಟ್ಟುಕೊಳ್ಳಬಹುದು. ಚಹಕ್ಕೆ “ಇವತ್ತು ಉಪವಾಸ” ಎಂದರಾಯಿತು, ಇಷ್ಟು ಸುಳ್ಳಿಗೆ ದೇವರು ಕೋಪಿಸಿಕೊಳ್ಳುವುದಿಲ್ಲ. ಬೆರೆಸುವವರು ಯಾವಾಗಲೂ ಅಪರಿಚಿತರೇ ಆಗಿರಬೇಕೆಂದಿಲ್ಲ. ಮದುವೆ ಮನೆಯಲ್ಲಿ ಹುಡುಗಿಯರ ತಂಪು ಪಾನೀಯಕ್ಕೆ ಮದ್ಯ ಸುರಿದು ತಮಾಷೆಯೆನ್ನುವವನೂ ಇದೇ ಸಾಲಿನವನು. ಮೋಸಹೋದವರನ್ನು “ನೀನೇಕೆ ಕುಡಿದೆ” ಎಂದು ಗದರಿಸುವುದರಿಂದ ಮುಂದಿನವರು ಬಾಯಿ ಬಿಡುವುದಿಲ್ಲ, ಅಷ್ಟೆ.

ಯಾರಾದರೂ ಹೀಗೆ ಮಂಪರಿಗೆ ಬಿದ್ದುದನ್ನು ಕಂಡರೆ ಮಗ್ಗುಲಾಗಿ ಮಲಗಿಸಿರಿ. ಅಂಗಾತ ಮಲಗಿದವರಿಗೆ ವಾಂತಿಯಾದರೆ ಅದು ಉಸಿರಿನ ದಾರಿಗೆ ಹೋಗುತ್ತದೆ. ಉಪ್ಪುನೀರು, ಹುಣಸೆನೀರು, ಮಜ್ಜಿಗೆ ಯಾವುದನ್ನೂ ಬಾಯಿಗೆ ಹಾಕಬಾರದು. ವಾಂತಿ ಮಾಡಿಸಲೂ ಹೋಗಬಾರದು. ಉಸಿರಾಟವನ್ನು ನೋಡುತ್ತಿದ್ದು 108ಕ್ಕೆ ಕರೆ ಮಾಡಿರಿ; ರೈಲಿನಲ್ಲಾದರೆ 139. ಕುಡಿದ ಲೋಟ, ಉಳಿದ ಬಿಸ್ಕತ್ತನ್ನು ಎಸೆಯದೆ ಪೋಲೀಸರಿಗೆ ಕೊಡಿರಿ. ರಕ್ತ ಮತ್ತು ಮೂತ್ರದ ಪರೀಕ್ಷೆಯನ್ನು ಅಂದೇ ಮಾಡಿಸಬೇಕು, ತಡವಾದಷ್ಟೂ ಔಷಧಿಯ ಗುರುತು ಅಳಿಯುತ್ತದೆ. ಅಪರಾಧ ಮಾಡುವ ಉದ್ದೇಶದಿಂದ ಮತ್ತು ಬರಿಸುವ ವಸ್ತು ತಿನ್ನಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 123ನೆಯ ಕಲಮಿನಂತೆ 10 ವರ್ಷದವರೆಗೆ ಸೆರೆವಾಸವುಂಟು.

ಮನೆಯಲ್ಲಿ ಇಂಥ ಗುಳಿಗೆಗಳು ಉಳಿದಿದ್ದರೆ ಮಕ್ಕಳ ಕೈಗೆ ಸಿಗುವ ಗೂಡಿನಲ್ಲಿ ಇಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವನ್ನು ಒಯ್ದು ವೈದ್ಯರಿಗೆ ತೋರಿಸಿರಿ.